ಹೊರಮನೆಗೆ ಹೋದ ಗುಟ್ಟು

ಮದುವೆ, ಗೃಹಪ್ರವೇಶಗಳಲ್ಲಿ ಬಂಧುಬಳಗ ಒಂದೆಡೆ ಸೇರಿದಾಗ ‘ನಿಮ್ಮ ಮಗ ಎಲ್ಲಿದ್ದಾನೆ, ಏನು ಕೆಲಸ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ‘ಬೆಂಗಳೂರಿನಲ್ಲಿ, ಚಿಪ್ ಡಿಸೈನ್ ಕಂಪನಿಯಲ್ಲಿ’ ಎಂಬಲ್ಲಿಗೆ ತಾಯಿತಂದೆಗಳ ಉತ್ತರ ನಿಂತುಬಿಡುತ್ತದೆ. ಅದಕ್ಕಿಂತ ಹೆಚ್ಚಿನದು ಅವರಿಗೆ ಗೊತ್ತಿರುವುದಿಲ್ಲ. ಮಗನಾಗಲಿ ಮಗಳಾಗಲಿ ಹೇಳಿರುವುದೂ ಇಲ್ಲ. ಯಾವ ಚಿಪ್, ಯಾರಿಗಾಗಿ, ಎಂದಿಗೆ ಮುಗಿಯುತ್ತದೆ ಎಂದು ಕೇಳಿದರೆ ‘ಅದನ್ನು ಹೇಳುವ ಹಾಗಿಲ್ಲಪ್ಪ’ ಎಂದು ಮಾತು ತಿರುಗಿಸುತ್ತಾರೆ. ಹಿರಿಯರಿಗೆ ಇದು ಬಿಗುಮಾನದಂತೆ ತೋರುವುದುಂಟು. ಆದರೆ ಅದು ಬಿಗುಮಾನವಲ್ಲ. ಆ ಮೌನಕ್ಕೆ ಅವರ ಸಂಬಳ, ಸಂಸ್ಥೆಯ ಒಪ್ಪಂದ, ದೇಶದ ಕಾನೂನು ಮೂರೂ ಕಟ್ಟಿಕೊಂಡಿವೆ. ಪ್ರಪಂಚದ ಚಿಪ್ ವಿನ್ಯಾಸಕಾರರಲ್ಲಿ ಸುಮಾರು ಐದನೆಯ ಒಂದು ಪಾಲು ಭಾರತದಲ್ಲಿದ್ದಾರೆಂದು ಕೇಂದ್ರ ಸರ್ಕಾರವು ಹೇಳುತ್ತ ಬಂದಿದೆ. ಅವರಲ್ಲಿ ಬಹುಮಂದಿಗೆ ಬೆಂಗಳೂರೇ ಕಾರ್ಯಕ್ಷೇತ್ರ. ಹೀಗಿರುವಾಗ ಈ ಉದ್ಯಮದ ಗುಟ್ಟುಗಳು ಎಲ್ಲಿಂದ ಎಲ್ಲಿಗೆ ಹೋಗುತ್ತವೆ, ಹೇಗೆ ಸೋರುತ್ತವೆ, ಅವನ್ನು ಕಾಯುವ ಬಗೆ ಏನು ಎಂಬುದನ್ನು ಮನೆಯವರೂ ಅಷ್ಟಿಷ್ಟು ತಿಳಿದಿರುವುದು ಒಳ್ಳೆಯದು.

ಒಂದು ಮನೆಯ ಕೆಲಸವಲ್ಲ

ಹಿಂದೆ ನಮ್ಮ ಹಳ್ಳಿಗಳಲ್ಲಿ ಒಂದು ಬಂಡಿ ಸಿದ್ಧವಾಗಬೇಕಾದರೆ ಬಡಿಗನೂ ಕಮ್ಮಾರನೂ ಕೂಡಬೇಕಾಗಿತ್ತು. ಬಡಿಗನು ಗಾಲಿಯನ್ನು ಮಾಡಿ ಕಮ್ಮಾರನ ಕುಲುಮೆಗೆ ಉರುಳಿಸಿಕೊಂಡು ಹೋಗುವಾಗ ಅವನಿಗೆ ಯಾವ ಅಂಜಿಕೆಯೂ ಇರಲಿಲ್ಲ. ಗಾಲಿಯನ್ನು ನೋಡಿದ ಮಾತ್ರಕ್ಕೆ ಬಡಿಗತನ ಬರುವುದಿಲ್ಲ, ಅದು ಕೈಯಲ್ಲಿರುವ ವಿದ್ಯೆ. ಚಿಪ್ಪಿನ ಸಂಗತಿ ಹಾಗಲ್ಲ. ಅಲ್ಲಿ ವಿದ್ಯೆಯೆಲ್ಲ ನಕ್ಷೆಯಲ್ಲಿಯೇ ಇರುತ್ತದೆ. ಆ ನಕ್ಷೆಯೋ ಗಣಕಯಂತ್ರದ ಒಂದು ಕಡತ; ಅದನ್ನು ಕದ್ದರೆ ಮೂಲವು ಮೂಲದ ಜಾಗದಲ್ಲಿಯೇ ಇರುತ್ತದೆ. ಕಳವಾಗಿದೆ ಎಂಬುದು ಒಡೆಯನಿಗೆ ವರ್ಷಗಟ್ಟಲೆ ತಿಳಿಯದೆ ಹೋಗಬಹುದು.

ಒಂದು ಕಾಲದಲ್ಲಿ ದೊಡ್ಡ ಸಂಸ್ಥೆಗಳು ವಿನ್ಯಾಸದಿಂದ ತಯಾರಿಕೆಯವರೆಗಿನ ಎಲ್ಲವನ್ನೂ ತಮ್ಮ ಆವರಣದಲ್ಲಿಯೇ ಮಾಡಿಕೊಳ್ಳುತ್ತಿದ್ದವು. ೧೯೮೭ರಲ್ಲಿ ತೈವಾನಿನ ಶಿಂಚು ಪಟ್ಟಣದಲ್ಲಿ ಟಿಎಸ್‌ಎಂಸಿ ಎಂಬ ಸಂಸ್ಥೆ ಹುಟ್ಟಿತು. ಅದರ ಸ್ಥಾಪಕರಾದ ಮಾರಿಸ್ ಚಾಂಗ್ ಅವರ ಸಂಕಲ್ಪ ಸರಳವಾದುದು: ತಮ್ಮದೇ ಚಿಪ್ಪನ್ನು ಮಾರದೆ, ಪರರು ಬರೆದ ನಕ್ಷೆಯಂತೆ ಚಿಪ್ ತಯಾರಿಸಿಕೊಡುವುದು. ಇಂಥ ಕಾರ್ಖಾನೆಗೆ ಫೌಂಡ್ರಿ ಎಂದೇ ಹೆಸರು. ನಮ್ಮ ಬೆಳಗಾವಿ, ಹುಬ್ಬಳ್ಳಿಗಳ ಎರಕದ ಫೌಂಡ್ರಿಗಳಿಗೂ ಇದಕ್ಕೂ ಹೆಸರೊಂದೇ ಸಮಾನ. ಈ ಏರ್ಪಾಡಿನಿಂದಾಗಿ ಕಾರ್ಖಾನೆಯೇ ಇಲ್ಲದವರೂ ಚಿಪ್ ಸಂಸ್ಥೆ ಕಟ್ಟುವಂತಾಯಿತು. ಜೊತೆಗೆ ಸಂಸ್ಥೆಯ ಸರ್ವಸ್ವವಾದ ನಕ್ಷೆಯು ಹೊಸ್ತಿಲು ದಾಟಿ ಹೊರಮನೆಗೆ ಹೋಗಲೇಬೇಕಾಯಿತು.

ಇಂದಿನ ಒಂದು ಚಿಪ್ಪಿನ ಪಯಣವನ್ನು ನೋಡಿರಿ. ಅದರ ಒಳಗಿನ ಸಂಸ್ಕಾರಕದ ಭಾಗವನ್ನು ಇಂಗ್ಲೆಂಡಿನ ಆರ್ಮ್‌ನಂಥ ಸಂಸ್ಥೆಯಿಂದ ಎರವಲು ಪಡೆದಿರುತ್ತಾರೆ. ವಿನ್ಯಾಸದ ತಂತ್ರಾಂಶ ಸಿನಾಪ್ಸಿಸ್, ಕೇಡೆನ್ಸ್ ಮೊದಲಾದ ಸಂಸ್ಥೆಗಳದು. ವಿನ್ಯಾಸದ ಒಂದು ಭಾಗ ಅಮೆರಿಕದಲ್ಲಿ, ಇನ್ನೊಂದು ಬೆಂಗಳೂರಿನಲ್ಲಿ. ತಯಾರಿಕೆ ತೈವಾನಿನಲ್ಲಿ, ಕವಚ ಹೊದಿಸಿ ಪರೀಕ್ಷಿಸುವುದು ಮಲೇಷಿಯಾದಲ್ಲಿ. ಬಳಿಕ ಅದನ್ನು ಫಲಕದ ಮೇಲೆ ಕೂರಿಸಿ ಕಂಪ್ಯೂಟರ್ ಮಾಡುವವರು ಮತ್ತೊಬ್ಬರು. ಇಷ್ಟು ಮನೆಗಳ ನಡುವೆ ಪ್ರತಿನಿತ್ಯ ಕಡತಗಳ ಕೊಡುಕೊಳ್ಳುವಿಕೆ ನಡೆದಿರುತ್ತದೆ. ಗುಟ್ಟು ಒಂದೇ ದಿಕ್ಕಿಗೆ ಹರಿಯುವುದೂ ಇಲ್ಲ. ವಿನ್ಯಾಸಕಾರನು ನಕ್ಷೆಯನ್ನು ಕೊಟ್ಟರೆ, ಫೌಂಡ್ರಿಯು ತನ್ನ ತಯಾರಿಕೆಯ ಅಳತೆ, ನಿಯಮಗಳ ಒಂದು ಸಂಪುಟವನ್ನೇ ಮೊದಲು ಅವನ ಕೈಗೆ ಕೊಟ್ಟಿರುತ್ತದೆ. ಅದಿಲ್ಲದೆ ಅವನು ಒಂದು ಗೆರೆಯನ್ನೂ ಎಳೆಯಲಾರ.

ನಕ್ಷೆಯ ಕಡತವೆಂದರೆ ಏನು? ನಖದಗಲದ ಜಾಗದಲ್ಲಿ ಸಾವಿರಾರು ಕೋಟಿ ಟ್ರಾನ್ಸಿಸ್ಟರುಗಳನ್ನು ಪದರ ಪದರವಾಗಿ ಎಲ್ಲೆಲ್ಲಿ ಕೂರಿಸಬೇಕು, ಯಾವ ತಂತಿ ಎಲ್ಲಿಂದ ಎಲ್ಲಿಗೆ ಹೋಗಬೇಕು ಎಂಬುದನ್ನು ರೇಖಾಕೃತಿಗಳಲ್ಲಿ ಬರೆದ ದಾಖಲೆ. ಇದಕ್ಕಾಗಿ ಇಂದಿಗೂ ಬಳಕೆಯಲ್ಲಿರುವ ಜಿಡಿಎಸ್-೨ ಎಂಬ ಲಿಪಿಯನ್ನು ಕ್ಯಾಲಿಫೋರ್ನಿಯಾದ ಕಾಲ್ಮಾ ಸಂಸ್ಥೆ ೧೯೭೮ರಲ್ಲಿ ರೂಪಿಸಿತು. ಆ ದಿನಗಳಲ್ಲಿ ಮುಗಿದ ನಕ್ಷೆಯನ್ನು ಕಾಂತೀಯ ಟೇಪಿನ ಸುರುಳಿಗೆ ಇಳಿಸಿ ಕಳಿಸುತ್ತಿದ್ದರು. ಟೇಪು ಮಾಯವಾದರೂ ವಿನ್ಯಾಸ ಮುಗಿಸುವುದಕ್ಕೆ ‘ಟೇಪ್‌ಔಟ್’ ಎಂಬ ಮಾತು ಉಳಿದುಕೊಂಡಿದೆ. ಮಗಳು ‘ಈ ತಿಂಗಳು ಟೇಪ್‌ಔಟ್ ಇದೆ, ಜಾತ್ರೆಗೆ ಬರಲಾಗದು’ ಎಂದರೆ ಅದರ ಅರ್ಥ ಇದೇ. ಬೆಂಗಳೂರಿಗೂ ಈ ಕಥೆಗೂ ನಂಟು ಹಳೆಯದು. ೧೯೮೫ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯು ಅಲ್ಲಿ ವಿನ್ಯಾಸ ಕೇಂದ್ರ ತೆರೆದು, ಅಮೆರಿಕದ ಕಚೇರಿಯೊಡನೆ ಉಪಗ್ರಹ ಸಂಪರ್ಕ ಸಾಧಿಸಿಕೊಂಡಿತು. ಕಡಲಾಚೆಗೆ ಕಡತ ಕಳಿಸುವ ಕೆಲಸ ನಮ್ಮ ನಾಡಿನಲ್ಲಿ ಅಂದಿನಿಂದಲೇ ನಡೆದುಬಂದಿದೆ.

ಹೊರಬಾಗಿಲಿನ ಸೋರಿಕೆ

ದೊಡ್ಡ ಸಂಸ್ಥೆಗಳು ತಮ್ಮ ಹೆಬ್ಬಾಗಿಲಿಗೆ ಬಲವಾದ ಬೀಗವನ್ನೇ ಹಾಕಿಕೊಂಡಿವೆ. ಗುಟ್ಟು ಹೋಗಿರುವುದು ಅನೇಕ ಸಲ ಆ ಬಾಗಿಲಿನಿಂದಲ್ಲ. ನಂಬಿ ಕೊಟ್ಟ ಪರರ ಮನೆಯ ಹಿತ್ತಿಲಿನಿಂದ.

೨೦೨೦ರ ಆಗಸ್ಟಿನಲ್ಲಿ ಇಂಟೆಲ್ ಸಂಸ್ಥೆಯ ಸುಮಾರು ೨೦ ಗಿಗಾಬೈಟ್‌ನಷ್ಟು ಗೋಪ್ಯ ದಾಖಲೆಗಳು ಅಂತರ್ಜಾಲದಲ್ಲಿ ಎಲ್ಲರಿಗೂ ಸಿಗುವಂತೆ ಬಿದ್ದವು. ತನಿಖೆಯ ನಂತರ ಇಂಟೆಲ್ ಹೇಳಿದ ಮಾತು ಚಿಂತನೆಗೆ ಅರ್ಹವಾಗಿದೆ. ಆ ದಾಖಲೆಗಳು ಗ್ರಾಹಕರು ಮತ್ತು ಪಾಲುದಾರರಿಗಾಗಿಯೇ ತೆರೆದಿಟ್ಟ ಕಡತಾಗಾರದಿಂದ ಬಂದಂತೆ ತೋರುತ್ತದೆ. ಒಳಹೋಗಲು ಅನುಮತಿ ಪಡೆದಿದ್ದ ವ್ಯಕ್ತಿಯೊಬ್ಬನೇ ಅವನ್ನು ಇಳಿಸಿಕೊಂಡು ಹಂಚಿರಬೇಕೆಂದು ನಂಬಿದ್ದೇವೆ ಎಂಬುದು ಅದರ ವಿವರಣೆ. ಬೀಗ ಮುರಿದವರಿಲ್ಲ, ಕೀಲಿ ಕೊಟ್ಟವರ ಪೈಕಿಯೇ ಒಬ್ಬರು ಎಂದಾಯಿತು. ಎರಡು ವರ್ಷಗಳ ನಂತರ, ೨೦೨೨ರ ಅಕ್ಟೋಬರಿನಲ್ಲಿ, ಅದೇ ಸಂಸ್ಥೆಯ ಆಲ್ಡರ್ ಲೇಕ್ ಸಂಸ್ಕಾರಕಕ್ಕೆ ಸೇರಿದ, ಯಂತ್ರವು ಚಾಲನೆಗೊಳ್ಳುವಾಗ ಮೊಟ್ಟಮೊದಲು ಓಡುವ ಮೂಲ ತಂತ್ರಾಂಶ ಬಯಲಾಯಿತು. ಆಗಲೂ ಇಂಟೆಲ್ ಹೇಳಿದ್ದು, ಮೂರನೆಯವರ ಕಡೆಯಿಂದ ಸೋರಿದಂತಿದೆ ಎಂದು.

೨೦೨೧ರಲ್ಲಿ ತೈವಾನಿನ ಗಿಗಾಬೈಟ್ ಎಂಬ ಫಲಕ ತಯಾರಕರ ಗಣಕಜಾಲಕ್ಕೆ ಸುಲಿಗೆಕೋರರು ನುಗ್ಗಿದರು. ತಮ್ಮ ಕೈಯಲ್ಲಿ ೧೧೨ ಗಿಗಾಬೈಟ್ ದಾಖಲೆ ಇದೆಯೆಂದೂ, ಅದರಲ್ಲಿ ಇಂಟೆಲ್, ಎಎಂಡಿ ಸಂಸ್ಥೆಗಳು ಗೋಪ್ಯತಾ ಒಪ್ಪಂದದ ಮೇಲೆ ಕೊಟ್ಟ ಕಾಗದಪತ್ರಗಳೂ ಸೇರಿವೆಯೆಂದೂ ಅವರು ಬೆದರಿಸಿದರು. ಒಪ್ಪಂದಕ್ಕೆ ಎರಡೂ ಕಡೆಯವರು ಸಹಿ ಹಾಕಿದ್ದರು. ಕಳ್ಳನು ಸಹಿ ಹಾಕಿರಲಿಲ್ಲ. ಒಪ್ಪಂದದ ಕಾಗದವು ನ್ಯಾಯಾಲಯದಲ್ಲಿ ಬೆಲೆಬಾಳುತ್ತದೆಯೇ ಹೊರತು ಹಿತ್ತಿಲಿಗೆ ಬೇಲಿಯಾಗದು. ಇದನ್ನು ಅರಿಯದೆ, ಸಹಿ ಬಿದ್ದೊಡನೆ ರಕ್ಷಣೆ ದೊರೆಯಿತೆಂದು ನೆಮ್ಮದಿಯಾಗಿರುವ ಆಡಳಿತಗಾರರು ಇಂದಿಗೂ ಅನೇಕರಿದ್ದಾರೆ.

ಇವೆಲ್ಲವುಗಳಿಗಿಂತ ೨೦೨೩ರ ಎಂಎಸ್‌ಐ ಪ್ರಕರಣವು ಸಾಮಾನ್ಯರ ಮನೆಗೆ ಹತ್ತಿರವಾದುದು. ಲ್ಯಾಪ್‌ಟಾಪ್ ಮತ್ತು ಫಲಕಗಳನ್ನು ಮಾಡುವ ಈ ತೈವಾನ್ ಸಂಸ್ಥೆಯ ಮೇಲೆ ಆ ವರ್ಷದ ವಸಂತದಲ್ಲಿ ದಾಳಿಯಾಗಿ, ಕದ್ದ ಕಡತಗಳು ಬಯಲಿಗೆ ಬಂದವು. ಅವುಗಳಲ್ಲಿ ಅನೇಕ ಮಾದರಿಯ ಯಂತ್ರಗಳ ಗುಪ್ತ ಮುದ್ರೆಗಳಿದ್ದವು. ಕಂಪ್ಯೂಟರನ್ನು ಹೊತ್ತಿಸಿದಾಗ ಒಳಗಿನ ಮೂಲ ತಂತ್ರಾಂಶ ಅಸಲಿಯೋ ನಕಲಿಯೋ ಎಂದು ಚಿಪ್ ಪರೀಕ್ಷಿಸುವುದು ಇಂಥ ಮುದ್ರೆಯ ಆಧಾರದ ಮೇಲೆಯೇ. ಮುದ್ರೆ ಕಳ್ಳನ ಕೈಸೇರಿದರೆ ಅವನು ತನ್ನ ತಂತ್ರಾಂಶಕ್ಕೂ ಅಸಲಿನ ಠಸ್ಸೆ ಒತ್ತಬಲ್ಲ. ಮನೆಯ ಬೀಗದ ಕೀಲಿ ಕಳೆದರೆ ಬೀಗ ಬದಲಿಸುತ್ತೇವೆ. ಇಲ್ಲಿ ಮುದ್ರೆಯ ಗುರುತನ್ನು ತಯಾರಿಕೆಯ ಹೊತ್ತಿಗೇ ಚಿಪ್ಪಿನಲ್ಲಿ ಶಾಶ್ವತವಾಗಿ ಸುಟ್ಟು ಕೂರಿಸಿರುತ್ತಾರೆ. ಮಾರಿಹೋದ ಯಂತ್ರದಲ್ಲಿ ಅದನ್ನು ಬದಲಿಸಲು ಬರುವುದಿಲ್ಲ. ಸಂಸ್ಥೆಗಳ ನಡುವಿನ ಕಡತದ ಕಳವು ಕೊನೆಗೆ ಅಂಗಡಿಯಲ್ಲಿ ಹಣ ಕೊಟ್ಟು ಲ್ಯಾಪ್‌ಟಾಪ್ ಕೊಂಡ ವಿದ್ಯಾರ್ಥಿಯ ತಲೆಯ ಮೇಲೂ ಬೀಳುತ್ತದೆಂಬುದು ಇದರಿಂದ ಸ್ಪಷ್ಟ.

ಹೊರಗಿನವರಿಂದ ಒಳಬರುವ ಕಡತವೂ ಅಪಾಯಕಾರಿಯೇ. ೨೦೧೮ರ ಆಗಸ್ಟ್ ೩ರಂದು ಟಿಎಸ್‌ಎಂಸಿಯಲ್ಲಿ ಹೊಸ ಯಂತ್ರವೊಂದಕ್ಕೆ ತಂತ್ರಾಂಶ ಅಳವಡಿಸುವಾಗ, ಮೊದಲೇ ಪರೀಕ್ಷಿಸದೆ ಜಾಲಕ್ಕೆ ಜೋಡಿಸಿದ್ದರಿಂದ, ವೈರಸ್ ಹರಡಿ ಕಾರ್ಖಾನೆಗಳು ನಿಂತವು. ಆ ತ್ರೈಮಾಸಿಕದ ವರಮಾನದಲ್ಲಿ ಸುಮಾರು ಶೇಕಡಾ ೩ರಷ್ಟು ಖೋತಾ ಆಗಬಹುದೆಂದು ಸಂಸ್ಥೆಯೇ ಮೊದಲು ಅಂದಾಜಿಸಿತು. ಯಂತ್ರ ಪೂರೈಸುವವರೇ ಅದರ ಶುದ್ಧಿಗೆ ಹೊಣೆಯಾಗಬೇಕೆಂಬ ಸೆಮಿ ಸಂಘದ ಮಾನದಂಡಗಳು ೨೦೨೨ರಲ್ಲಿ ಹೊರಬಂದವು.

ಕೊಡದೆ ಕೊಡುವ ಉಪಾಯ

ಹಾಗಾದರೆ ಕೊಡದೆಯೇ ಇರಬಹುದೇ? ಸಾಧ್ಯವಿಲ್ಲ. ಆದುದರಿಂದ ಈ ಉದ್ಯಮದ ಜಾಣರು ಕಂಡುಕೊಂಡ ಮಾರ್ಗವೆಂದರೆ ಬೇಕಾದಷ್ಟನ್ನು ಮಾತ್ರ ಕೊಡುವುದು.

ಇದಕ್ಕೊಂದು ಸೊಗಸಾದ ಉದಾಹರಣೆಯುಂಟು. ಎರವಲು ಪಡೆದ ವಿನ್ಯಾಸದ ಭಾಗವನ್ನು ಚಿಪ್ಪಿನಲ್ಲಿ ಸೇರಿಸುವವನಿಗೆ ಅದರ ಒಳಗಿನ ರಚನೆ ತಿಳಿಯಬೇಕಾದ ಅಗತ್ಯವಿಲ್ಲ. ಅದು ಎಷ್ಟು ಉದ್ದಗಲ, ತಂತಿಗಳನ್ನು ಎಲ್ಲಿ ಜೋಡಿಸಬೇಕು, ಎಷ್ಟು ಹೊತ್ತಿನಲ್ಲಿ ಉತ್ತರ ಕೊಡುತ್ತದೆ ಎಂಬುದಿಷ್ಟು ಸಾಕು. ಆದ್ದರಿಂದ ಒಡೆಯನು ಅವನಿಗೆ ಹೊರರೇಖೆಯ ಕಡತವನ್ನು ಮಾತ್ರ ಕೊಡುತ್ತಾನೆ. ಮನೆ ಕಟ್ಟುವ ಮೇಸ್ತ್ರಿಗೆ ದೇವರಕೋಣೆಯ ಅಳತೆಯನ್ನೂ ಬಾಗಿಲಿನ ದಿಕ್ಕನ್ನೂ ಹೇಳಿ, ಒಳಗಿಡುವ ಪೆಟ್ಟಿಗೆಯಲ್ಲಿ ಏನಿದೆಯೆಂಬುದನ್ನು ಹೇಳದಿರುವಂತೆ. ನಕ್ಷೆಯೆಲ್ಲ ಮುಗಿದು ಫೌಂಡ್ರಿಗೆ ತಲುಪಿದ ಮೇಲೆ, ಅಲ್ಲಿ ಮೊದಲೇ ಇರಿಸಿದ್ದ ನಿಜವಾದ ಒಳರಚನೆಯನ್ನು ಆ ಖಾಲಿ ಚೌಕದಲ್ಲಿ ಕೂರಿಸುತ್ತಾರೆ. ವಿನ್ಯಾಸ ಮಾಡಿದವನು ತನ್ನದೇ ಚಿಪ್ಪಿನ ಆ ಭಾಗವನ್ನು ಕೊನೆಯವರೆಗೂ ಕಂಡಿರುವುದಿಲ್ಲ.

ಇನ್ನು ಕೆಲವು ಕಡತಗಳನ್ನು ಗೂಢಲಿಪಿಯಲ್ಲಿ ಕೊಡುತ್ತಾರೆ. ವಿನ್ಯಾಸದ ತಂತ್ರಾಂಶ ಅದನ್ನು ಓದಬಲ್ಲದು, ಮನುಷ್ಯನು ಓದಲಾರ. ಐಇಇಇ ೧೭೩೫ ಎಂಬ ಮಾನದಂಡ ಇದಕ್ಕಾಗಿಯೇ ಇದೆ. ಆದರೆ ೨೦೧೭ರಲ್ಲಿ ಫ್ಲಾರಿಡಾ ವಿಶ್ವವಿದ್ಯಾಲಯದ ಸಂಶೋಧಕರು ಆ ಮಾನದಂಡದಲ್ಲಿಯೇ ದೋಷಗಳಿರುವುದನ್ನು ಎತ್ತಿ ತೋರಿಸಿದರು. ತಂತ್ರಾಂಶವು ‘ಇಲ್ಲಿ ತಪ್ಪಿದೆ’ ಎಂದು ಹೇಳುವ ಸಂದೇಶಗಳನ್ನೇ ಸುಳಿವಾಗಿ ಹಿಡಿದು, ಕೀಲಿಯಿಲ್ಲದೆ ಪೂರ್ತಿ ವಿನ್ಯಾಸವನ್ನು ಬಿಡಿಸಬಹುದೆಂದೂ, ಅದರೊಳಗೆ ಕೆಡುಕಿನ ಮಂಡಲವನ್ನು ಸೇರಿಸಬಹುದೆಂದೂ ಅವರು ಸಿದ್ಧಪಡಿಸಿದರು. ಬೀಗ ಮಾಡಿದವನ ಮಾತನ್ನಷ್ಟೇ ನಂಬದೆ ಅದನ್ನು ಒಡೆದು ನೋಡುವವರೂ ಬೇಕೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಕಡತವನ್ನು ಕಳಿಸದೆ, ಪಾಲುದಾರನನ್ನೇ ತನ್ನ ಗಣಕದೊಳಗೆ ಕರೆಸಿಕೊಂಡು ಕೆಲಸ ಮಾಡಿಸುವ ಪದ್ಧತಿಯೂ ಬಳಕೆಯಲ್ಲಿದೆ. ಅವನು ಪರದೆಯ ಮೇಲೆ ನೋಡಬಹುದು, ಇಳಿಸಿಕೊಳ್ಳಲಾಗದು. ಯಾರು, ಯಾವಾಗ, ಯಾವ ಕಡತ ತೆರೆದರೆಂಬ ಲೆಕ್ಕ ತಾನಾಗಿಯೇ ಬರೆಯಲ್ಪಡುತ್ತದೆ. ಪ್ರತಿಯೊಬ್ಬರಿಗೆ ಕೊಟ್ಟ ಪ್ರತಿಯಲ್ಲಿಯೂ ಕಣ್ಣಿಗೆ ಕಾಣದ ಬೇರೆ ಬೇರೆ ಗುರುತು ಇರಿಸಿದರೆ, ಸೋರಿದಾಗ ಯಾರ ಪ್ರತಿಯೆಂದು ಪತ್ತೆಹಚ್ಚಬಹುದು. ಅನುಮತಿಗೆ ಅವಧಿಯೂ ಇರಬೇಕು. ಯೋಜನೆ ಮುಗಿದು ವರ್ಷಗಳಾದ ಮೇಲೂ ಹಳೆಯ ಪಾಲುದಾರನ ಹೆಸರು ಪಟ್ಟಿಯಲ್ಲಿಯೇ ಉಳಿಯುವುದು ಬಹಳ ಸಾಮಾನ್ಯವಾದ ಅಲಕ್ಷ್ಯ.

ಯಾರೂ ಅಷ್ಟಾಗಿ ಲಕ್ಷಿಸದ ಇನ್ನೊಂದು ಕಿಂಡಿಯಿದೆ. ವಿನ್ಯಾಸದ ತಂತ್ರಾಂಶ ನಡುವೆ ಕೆಟ್ಟು ನಿಂತಾಗ ಅದನ್ನು ಮಾರಿದ ಸಂಸ್ಥೆಯವರು ‘ತಪ್ಪು ಎಲ್ಲಿ ಬಂತೋ ಆ ಕಡತ ಕಳಿಸಿರಿ’ ಎನ್ನುತ್ತಾರೆ. ಗಡುವಿನ ಒತ್ತಡದಲ್ಲಿರುವ ಇಂಜಿನಿಯರು ಇಡೀ ನಕ್ಷೆಯನ್ನು ಕಳಿಸಿಬಿಡುವ ಸಂಭವವುಂಟು. ತಪ್ಪನ್ನು ತೋರಿಸುವಷ್ಟು ಚಿಕ್ಕ ತುಣುಕನ್ನು ಕತ್ತರಿಸಿ, ಹೆಸರುಗಳನ್ನು ಬದಲಿಸಿ ಕಳಿಸುವುದು ಸರಿಯಾದ ಕ್ರಮ. ಅದಕ್ಕೆ ಅರ್ಧ ದಿನ ಬೇಕಾದರೂ ಬೇಕು. ಆ ಅರ್ಧ ದಿನವನ್ನು ಕೊಡದ ಮೇಲಧಿಕಾರಿಯೇ ಸೋರಿಕೆಗೆ ಮೊದಲ ಕಾರಣನೆಂದು ನನ್ನ ಅಭಿಪ್ರಾಯ.

ಮನುಷ್ಯನ ಕೈಯಲ್ಲಿ

ಯಂತ್ರದ ಬೀಗಗಳು ಎಷ್ಟಿದ್ದರೂ ಕೊನೆಗೆ ಕಡತ ಮನುಷ್ಯನ ಕೈಗೆ ಬರುತ್ತದೆ. ಅಮೆರಿಕದ ಮೈಕ್ರಾನ್ ಸಂಸ್ಥೆಯ ನೆನಪಿನ ಚಿಪ್ಪಿನ ಪ್ರಕರಣವನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು. ೨೦೧೬ರಲ್ಲಿ ತೈವಾನಿನ ಯುಎಂಸಿ ಸಂಸ್ಥೆಯು ಚೀನಾದ ಫುಜಿಯಾನ್ ಜಿನ್‌ಹುವಾ ಎಂಬ ಸಂಸ್ಥೆಯೊಡನೆ ಅಂಥ ಚಿಪ್ ಅಭಿವೃದ್ಧಿಪಡಿಸಿಕೊಡುವ ಒಪ್ಪಂದ ಮಾಡಿಕೊಂಡಿತು. ಮೈಕ್ರಾನಿನ ತೈವಾನ್ ಶಾಖೆಯ ಇಂಜಿನಿಯರುಗಳು ಕೆಲಸ ಬದಲಿಸಿ ಯುಎಂಸಿಗೆ ಬಂದರು; ಬರುವಾಗ ಹಳೆಯ ಸಂಸ್ಥೆಯ ಗೋಪ್ಯ ಕಡತಗಳನ್ನೂ ತಂದರು. ಯುಎಂಸಿಯ ಗಣಕ ವಿಭಾಗದವರು ಒಂದು ಕಂಪ್ಯೂಟರಿನಲ್ಲಿ ಮೈಕ್ರಾನಿನ ದಾಖಲೆಗಳಿರುವುದನ್ನು ಪತ್ತೆಹಚ್ಚಿದರು. ಅಲ್ಲಿಗೆ ನಿಂತಿದ್ದರೆ ಸಂಸ್ಥೆಯ ಮಾನ ಉಳಿಯುತ್ತಿತ್ತು. ಆದರೆ ಮೇಲಧಿಕಾರಿಯು, ಗಣಕ ವಿಭಾಗದ ಕಣ್ಣಿಗೆ ಬೀಳದಂತೆ ಸಂಸ್ಥೆಯ ಜಾಲಕ್ಕೆ ಸೇರದ ಲ್ಯಾಪ್‌ಟಾಪುಗಳನ್ನು ಬಳಸಲು ಒಪ್ಪಿಗೆಯಿತ್ತನು. ೨೦೧೭ರ ಫೆಬ್ರವರಿಯಲ್ಲಿ ತೈವಾನಿನ ಅಧಿಕಾರಿಗಳು ಶೋಧನೆಗೆ ಬಂದ ದಿನ ಕಾಗದ, ಯುಎಸ್‌ಬಿ ಸಾಧನ, ಲ್ಯಾಪ್‌ಟಾಪುಗಳನ್ನು ಸಹೋದ್ಯೋಗಿಯೊಬ್ಬರ ಕೈಗಿತ್ತು ಬಚ್ಚಿಡುವ ಯತ್ನವೂ ನಡೆಯಿತು.

೨೦೨೦ರ ಅಕ್ಟೋಬರಿನಲ್ಲಿ ಯುಎಂಸಿ ಅಮೆರಿಕದ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡು ೬ ಕೋಟಿ ಡಾಲರ್ ದಂಡ ತೆತ್ತಿತು. ಜಿನ್‌ಹುವಾದ ಮಾತು ಬೇರೆಯಾಯಿತು: ೨೦೨೪ರ ಫೆಬ್ರವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ನ್ಯಾಯಾಧೀಶರು ಸಾಕ್ಷ್ಯ ಸಾಲದೆಂದು ಅದನ್ನು ಬಿಡುಗಡೆ ಮಾಡಿದರು. ಗುಟ್ಟು ಹೋದದ್ದನ್ನು ತೋರಿಸುವುದು ಒಂದು ಕಷ್ಟ, ಅದು ಯಾರ ಅರಿವಿನಿಂದ ಎಲ್ಲಿಗೆ ಮುಟ್ಟಿತೆಂದು ರುಜುವಾತು ಮಾಡುವುದು ಇನ್ನೂ ದೊಡ್ಡ ಕಷ್ಟ.

೨೦೨೫ರ ಆಗಸ್ಟಿನಲ್ಲಿ ತೈವಾನಿನ ಸರ್ಕಾರಿ ಅಭಿಯೋಜಕರು ಟಿಎಸ್‌ಎಂಸಿಯ ಅತಿ ನೂತನ ತಯಾರಿಕಾ ರಹಸ್ಯಗಳ ವಿಷಯವಾಗಿ ಮೂವರ ಮೇಲೆ ದೋಷಾರೋಪ ಸಲ್ಲಿಸಿದರು. ಆ ಸಂಸ್ಥೆಯನ್ನು ಬಿಟ್ಟು, ಅದಕ್ಕೆ ಯಂತ್ರ ಪೂರೈಸುವ ಟೋಕಿಯೋ ಎಲೆಕ್ಟ್ರಾನ್ ಸಂಸ್ಥೆಗೆ ಸೇರಿದ್ದ ಒಬ್ಬನು ಹಳೆಯ ಗೆಳೆಯರಿಂದ ಮಾಹಿತಿ ತರಿಸಿಕೊಂಡನೆಂಬುದು ಆರೋಪ. ಟೋಕಿಯೋ ಎಲೆಕ್ಟ್ರಾನ್ ತನ್ನ ತೈವಾನ್ ಶಾಖೆಯ ಒಬ್ಬ ನೌಕರನನ್ನು ವಜಾ ಮಾಡಿತು. ಹಳೆಯ ಗೆಳೆತನವೂ ಒಂದು ಕಿಂಡಿಯೇ ಎಂಬುದು ಇಲ್ಲಿ ಕಾಣುವ ಸಂಗತಿ.

ನಮ್ಮ ದೇಶದ ಕಾನೂನಿನ ಸ್ಥಿತಿಯನ್ನೂ ಹೇಳಬೇಕು. ಚಿಪ್ಪಿನ ನಕ್ಷೆಗೆ ೨೦೦೦ದ ಅರೆವಾಹಕ ಸಂಯುಕ್ತ ಮಂಡಲಗಳ ವಿನ್ಯಾಸ ಕಾಯಿದೆಯಡಿ ನೋಂದಣಿ ಮಾಡಿಸಿದರೆ ೧೦ ವರ್ಷಗಳ ರಕ್ಷಣೆ ದೊರೆಯುತ್ತದೆ. ಅಮೆರಿಕದಲ್ಲಿ ಇಂಥ ಕಾಯಿದೆ ೧೯೮೪ರಲ್ಲಿಯೇ ಬಂದಿತ್ತು. ಆದರೆ ತಯಾರಿಕೆಯ ಹದ, ಪರೀಕ್ಷೆಯ ಕ್ರಮ, ಗುಪ್ತ ಮುದ್ರೆ ಇವಾವುವೂ ನಕ್ಷೆಯಲ್ಲ. ಅವುಗಳಿಗೆ ಗೋಪ್ಯತೆಯೇ ರಕ್ಷಣೆ. ವ್ಯಾಪಾರ ರಹಸ್ಯಗಳಿಗಾಗಿ ಪ್ರತ್ಯೇಕ ಕಾಯಿದೆ ಬೇಕೆಂದು ಕಾನೂನು ಆಯೋಗವು ೨೦೨೪ರ ಮಾರ್ಚಿನಲ್ಲಿ ತನ್ನ ೨೮೯ನೆಯ ವರದಿಯಲ್ಲಿ ಶಿಫಾರಸು ಮಾಡಿತು. ಹಾಗೆಂದು ಕಾನೂನಿನ ಕೈಗೆ ಏನೂ ಸಿಗದೆಂದು ಭಾವಿಸಬಾರದು. ಒಡೆಯನ ಅನುಮತಿಯಿಲ್ಲದೆ ಗಣಕದಿಂದ ದತ್ತಾಂಶವನ್ನು ಅಪ್ರಾಮಾಣಿಕವಾಗಿ ನಕಲು ಮಾಡಿಕೊಂಡರೆ, ೨೦೦೦ದ ಮಾಹಿತಿ ತಂತ್ರಜ್ಞಾನ ಕಾಯಿದೆಯ ೬೬ನೆಯ ಕಲಮಿನ ಪ್ರಕಾರ ೩ ವರ್ಷಗಳವರೆಗೆ ಸೆರೆವಾಸ, ೫ ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು.

ಇಲ್ಲಿ ಮನೆಯವರಿಗೂ ಕೆಲಸವುಂಟು. ಕಚೇರಿಯ ಲ್ಯಾಪ್‌ಟಾಪಿನಲ್ಲಿ ತಮ್ಮನು ಸಿನಿಮಾ ಇಳಿಸಿಕೊಳ್ಳುವುದು, ಮೊಮ್ಮಗು ಆಟವಾಡುವುದು ಸಣ್ಣ ವಿಷಯವಲ್ಲ. ಮನೆಯಿಂದ ಕೆಲಸ ಮಾಡುವಾಗ ಪರದೆ ತೆರೆದಿರುವಂತೆಯೇ ಕುಟುಂಬದ ಚಿತ್ರ ತೆಗೆದು ಬಂಧುಗಳ ವಾಟ್ಸ್‌ಆಪ್ ಗುಂಪಿಗೆ ಹಾಕುವುದೂ ಹಾಗೆಯೇ. ಆದರೆ ಎಲ್ಲಕ್ಕಿಂತ ಹೆಚ್ಚಿನ ಅಪಾಯವಿರುವುದು ನೌಕರಿ ಬದಲಿಸುವ ವಾರದಲ್ಲಿ. ‘ನಾನೇ ಹಗಲಿರುಳು ದುಡಿದು ಮಾಡಿದ್ದು, ಒಂದು ಪ್ರತಿ ನನ್ನ ಬಳಿ ಇರಲಿ’ ಎಂಬ ಭಾವನೆ ಸಹಜವಾದುದು. ಆದರೆ ನೌಕರಿಯ ಅಂಗವಾಗಿ ರಚಿಸಿದ್ದು, ಬೇರೆ ಒಪ್ಪಂದವಿಲ್ಲದಿದ್ದರೆ, ಮಾಲೀಕರ ಸ್ವತ್ತೆಂದೇ ನಮ್ಮ ಕೃತಿಸ್ವಾಮ್ಯ ಕಾಯಿದೆಯೂ ಹೇಳುತ್ತದೆ. ಅಷ್ಟಲ್ಲದೆ ಆ ಕಡತದಲ್ಲಿ ಫೌಂಡ್ರಿಯ ಗುಟ್ಟು, ಎರವಲು ಕೊಟ್ಟವರ ಗುಟ್ಟು ಬೆರೆತಿರುತ್ತದೆ. ಒಂದು ಪ್ರತಿಯನ್ನು ಸ್ವಂತ ಇ-ಮೇಲಿಗೆ ಕಳಿಸಿಕೊಂಡರೆ ಮೂರು ದೇಶಗಳ ಒಡೆಯರು ಪ್ರಶ್ನೆ ಕೇಳಬಹುದು.

ಇಂಥ ಕಡತವಿರುವ ಹಳೆಯ ಪೆನ್‌ಡ್ರೈವೋ ಹಾರ್ಡ್‌ಡಿಸ್ಕೋ ಮನೆಯ ಕಪಾಟಿನಲ್ಲಿ ಈಗಾಗಲೇ ಇದ್ದರೆ ಏನು ಮಾಡಬೇಕು? ಗಾಬರಿಯಿಂದ ಅದನ್ನು ಒಡೆದು ಬಿಸಾಡುವುದಾಗಲಿ, ತಾವೇ ಅಳಿಸಿಬಿಡುವುದಾಗಲಿ ಸರಿಯಲ್ಲ. ಮುಂದೆ ವಿಚಾರಣೆ ನಡೆದಾಗ ಸಾಕ್ಷ್ಯ ನಾಶ ಮಾಡಿದರೆಂಬ ಹೊಸ ಆರೋಪಕ್ಕೆ ಅದು ದಾರಿಯಾದೀತು. ಮೊದಲು ಒಬ್ಬ ವಕೀಲರ ಸಲಹೆ ಪಡೆದು, ಹಳೆಯ ಸಂಸ್ಥೆಗೆ ಬರಹದ ಮೂಲಕ ತಿಳಿಸಿ, ಅವರು ಹೇಳಿದಂತೆ ಹಿಂದಿರುಗಿಸಿ, ಮುಟ್ಟಿದ್ದಕ್ಕೆ ಬರಹದಲ್ಲಿಯೇ ರಸೀದಿ ಪಡೆದುಕೊಳ್ಳಬೇಕು. ಹೊಸ ಸಂಸ್ಥೆಯ ಗಣಕಕ್ಕೆ ಅದನ್ನು ಒಮ್ಮೆಯೂ ಜೋಡಿಸಬಾರದು.